ಇಂಟರ್ವ್ಯೂ, ಎಚ್‌ಆರ್, ಆಫರ್ ಲೆಟರ್: ಕೆಲಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಂಪನಿಗಳಲ್ಲಿ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಈಗ ಜಿಲ್ಲಾ ಕೇಂದ್ರಗಳ ಡಿಗ್ರಿ, ಇಂಜಿನಿಯರಿಂಗ್ ಕಾಲೇಜುಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತೇನೆ. ಅಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಅರ್ಜಿ ಹಾಕುವಾಗ

ನೌಕ್ರಿಯಲ್ಲಿ, ಲಿಂಕ್ಡ್‌ಇನ್‌ನಲ್ಲಿ ನೂರಾರು ಕಡೆ ಅಪ್ಲೈ ಮಾಡಿದ್ದೀನಿ. ಒಂದು ಕಡೆಯಿಂದಲೂ ಉತ್ತರ ಇಲ್ಲ. ನನ್ನ ರೆಸ್ಯೂಮೆ ಯಾರಾದ್ರೂ ಓದ್ತಾರಾ?

ಹೆಚ್ಚಿನ ಸಲ ಓದುವುದಿಲ್ಲ. ಒಂದು ಹುದ್ದೆಗೆ ಸಾವಿರ ಅರ್ಜಿ ಬಂದರೆ ರಿಕ್ರೂಟರ್ ಸಾವಿರ ಫೈಲ್ ತೆರೆಯುವುದಿಲ್ಲ. ಡೇಟಾಬೇಸ್‌ನಲ್ಲಿ ಪದ ಹಾಕಿ ಹುಡುಕುತ್ತಾರೆ. ಅನುಭವ ಎಷ್ಟು, ಊರು ಯಾವುದು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಡೆ ಕೆಲಸ ಮಾಡಬೇಕಾದ ದಿನಗಳು) ಎಷ್ಟು, ಈಗಿನ ಸಂಬಳ ಎಷ್ಟು ಎಂದು ಸೋಸುತ್ತಾರೆ. ಇತ್ತೀಚೆಗೆ ಪ್ರೊಫೈಲ್ ಅಪ್‌ಡೇಟ್ ಮಾಡಿದವರನ್ನು ಮೊದಲು ನೋಡುತ್ತಾರೆ. ಹಾಗೆ ಸೋಸಿ ಉಳಿದ ಇಪ್ಪತ್ತು ಮೂವತ್ತು ಜನರಿಗೆ ಫೋನ್ ಹೋಗುತ್ತದೆ.

ಆದ್ದರಿಂದ ಜಾಹೀರಾತಿನಲ್ಲಿ ಕೆಲಸಕ್ಕೆ ಯಾವ ಹೆಸರು ಬಳಸಿದ್ದಾರೋ ಅದೇ ಹೆಸರು ನಿಮ್ಮ ರೆಸ್ಯೂಮೆಯಲ್ಲೂ ಇರಲಿ. ಟ್ಯಾಲಿ ಗೊತ್ತಿದ್ದರೆ "ಅಕೌಂಟಿಂಗ್ ಸಾಫ್ಟ್‌ವೇರ್" ಅಂತ ಬರೆಯಬೇಡಿ, ಟ್ಯಾಲಿ ಅಂತಲೇ ಬರೆಯಿರಿ. ಎರಡು ಕಾಲಂ, ಚಿತ್ರ, ಬಣ್ಣದ ಪಟ್ಟಿ ಇರುವ ವಿನ್ಯಾಸವನ್ನು ಎಷ್ಟೋ ಸಾಫ್ಟ್‌ವೇರ್‌ಗಳು ಸರಿಯಾಗಿ ಓದುವುದಿಲ್ಲ. ಸಾದಾ ಇರಲಿ. ವಾರಕ್ಕೊಮ್ಮೆ ಪ್ರೊಫೈಲ್ ತೆರೆದು ಒಂದು ಸಾಲಾದರೂ ತಿದ್ದಿ ಉಳಿಸಿ. ಕಂಪನಿಯೊಳಗೆ ಪರಿಚಯದವರು ಇದ್ದರೆ ರೆಫರಲ್ ಕೇಳಲು ಸಂಕೋಚ ಬೇಡ. ರೆಫರ್ ಮಾಡಿದವರಿಗೆ ಬಹಳ ಕಂಪನಿಗಳು ಬೋನಸ್ ಕೊಡುತ್ತವೆ, ಅವರಿಗೂ ಲಾಭವೇ.

ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಮಾತಾಡೋಕೆ ಹೋದ್ರೆ ತಡವರಿಸುತ್ತೆ. ಇಂಟರ್ವ್ಯೂನಲ್ಲಿ ಕನ್ನಡ ಮಾತಾಡಬಹುದಾ?

ಎದುರಿಗಿರುವವರಿಗೆ ಕನ್ನಡ ಬರುತ್ತದೆ ಎಂದು ಗೊತ್ತಾದರೆ ಕೇಳಿ ನೋಡಿ. "ಇದನ್ನು ಕನ್ನಡದಲ್ಲಿ ವಿವರಿಸಲಾ ಸರ್?" ಅಂದರೆ ಯಾರೂ ಸಿಟ್ಟಾಗುವುದಿಲ್ಲ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ, ಬ್ಯಾಂಕಿನ ಸೇಲ್ಸ್ ಕೆಲಸದಲ್ಲಿ, ಆಸ್ಪತ್ರೆಗಳಲ್ಲಿ ಕನ್ನಡ ಚೆನ್ನಾಗಿ ಬರುವುದು ನಿಮ್ಮ ಬಲವೇ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಿ.

ಐಟಿ ಕಂಪನಿಗಳಲ್ಲಿ ಪ್ಯಾನೆಲ್‌ನವರು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತಿರುತ್ತಾರೆ. ಅಲ್ಲಿ ಇಂಗ್ಲಿಷ್ ತಪ್ಪಿದ್ದಲ್ಲ. ಆದರೆ ಅವರು ಕೇಳುವುದು ನಿಮ್ಮ ಉಚ್ಚಾರಣೆಯನ್ನಲ್ಲ. ನೀವು ಮಾಡಿದ ಪ್ರಾಜೆಕ್ಟ್ ಬಗ್ಗೆ ಹತ್ತು ಹನ್ನೆರಡು ಸಣ್ಣ ವಾಕ್ಯ ಸರಾಗವಾಗಿ ಬಂದರೆ ಸಾಕು. ಅಷ್ಟನ್ನು ಬರೆದು, ಜೋರಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಎಂದು ಹೇಳಿ. ಅರ್ಥವಾಗದೆ ಊಹೆಯ ಮೇಲೆ ಉತ್ತರ ಕೊಟ್ಟು ಅವಕಾಶ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಇನ್ನೊಮ್ಮೆ ಕೇಳಿದ್ದಕ್ಕೆ ಕಳೆದುಕೊಂಡವರನ್ನು ನೋಡಿಲ್ಲ.

"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದ್ರೆ ಅಪ್ಪ ಅಮ್ಮನ ಹೆಸರು, ಊರು ಎಲ್ಲಾ ಹೇಳಬೇಕಾ?

ಬೇಡ. ಏನು ಓದಿದ್ದೀರಿ, ಏನು ಮಾಡಿದ್ದೀರಿ, ಈ ಕೆಲಸಕ್ಕೆ ಯಾಕೆ ಬಂದಿದ್ದೀರಿ. ಎರಡು ನಿಮಿಷದೊಳಗೆ ಮುಗಿಯಲಿ. ನೀವು ಹೇಳುವ ಕೊನೆಯ ವಿಷಯದ ಮೇಲೆಯೇ ಮುಂದಿನ ಪ್ರಶ್ನೆ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಊರಿಂದ ಬೆಂಗಳೂರಿಗೆ ಇಂಟರ್ವ್ಯೂಗೆ ಬರ್ತಿದ್ದೀನಿ. ಹೊರಡೋ ಮುಂಚೆ ಏನೇನು ಕೇಳಿಕೊಳ್ಳಬೇಕು?

ಮೊದಲು ಕೇಳಬೇಕಾದ್ದು: "ಮೊದಲ ರೌಂಡ್ ವಿಡಿಯೋದಲ್ಲಿ ಮಾಡಬಹುದಾ?" ಹುಬ್ಬಳ್ಳಿಯಿಂದಲೋ ಬೀದರ್‌ನಿಂದಲೋ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಹತ್ತು ನಿಮಿಷದ ರೌಂಡ್ ಮುಗಿಸಿ ಹಿಂದೆ ಹೋಗುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಪ್ರಶ್ನೆ ಕೇಳಿದ್ದಕ್ಕೆ ಯಾರೂ ನಿಮ್ಮನ್ನು ಕೈಬಿಡುವುದಿಲ್ಲ. ಎಷ್ಟೋ ಕಡೆ ಒಪ್ಪುತ್ತಾರೆ.

ಬರಲೇಬೇಕು ಅಂದರೆ ಪೂರ್ತಿ ವಿಳಾಸ, ಕಟ್ಟಡದ ಹೆಸರು, ಗೇಟ್ ಸಂಖ್ಯೆ, ಯಾರನ್ನು ಕಾಣಬೇಕು, ಒಟ್ಟು ಎಷ್ಟು ರೌಂಡ್, ಎಲ್ಲಾ ಇಮೇಲ್‌ನಲ್ಲಿ ತರಿಸಿಕೊಳ್ಳಿ. "ಬಾಗ್ಮನೆಗೆ ಬನ್ನಿ" ಅಂದರೆ ಸಾಲದು. ಆ ಹೆಸರಿನ ಕ್ಯಾಂಪಸ್ ಸಿ.ವಿ. ರಾಮನ್ ನಗರದಲ್ಲೂ ಇದೆ, ಮಹದೇವಪುರದಲ್ಲೂ ಇದೆ. ವೈಟ್‌ಫೀಲ್ಡ್ ಐಟಿಪಿಎಲ್‌ಗೆ ಹೋಗುವವರು ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬಹುದು. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ. ಹಸಿರು ಮೆಟ್ರೋದಲ್ಲಿ ಆರ್.ವಿ. ರಸ್ತೆವರೆಗೆ ಹೋಗಿ ಅಲ್ಲಿ ಬದಲಿಸಬೇಕು. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಇಲ್ಲದೆ ಗೇಟಿನಲ್ಲೇ ಬಿಡುವುದಿಲ್ಲ. ಹೊರಡುವ ಹಿಂದಿನ ಸಂಜೆ ಒಂದು ಸಲ ಫೋನ್ ಮಾಡಿ "ನಾಳೆ ಇಂಟರ್ವ್ಯೂ ಇದೆ ತಾನೇ?" ಎಂದು ಖಚಿತ ಮಾಡಿಕೊಳ್ಳಿ. ಕೊನೇ ಗಳಿಗೆಯಲ್ಲಿ ಮುಂದೂಡಿ, ಹೇಳಲು ಮರೆಯುವವರು ಬಹಳ.

ಕೆಲಸ ಗ್ಯಾರಂಟಿ, ಆದ್ರೆ ರಿಜಿಸ್ಟ್ರೇಷನ್‌ಗೆ 2,500 ಕಟ್ಟಿ ಅಂತಿದ್ದಾರೆ. ಕಟ್ಟಲಾ?

ಕಟ್ಟಬೇಡಿ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೇನಿಂಗ್ ಫೀ, ಹೆಸರು ಯಾವುದಾದರೂ ಇರಲಿ, ಕೆಲಸಕ್ಕೆ ಸೇರುವ ಮೊದಲು ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಸಿ. ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಗೆ ದುಡ್ಡು ಕೊಡಬೇಕಾದ್ದು ಕಂಪನಿ.

ಮೇಲ್ ಬಂದರೆ ಅದರ ವಿಳಾಸ ನೋಡಿ. ದೊಡ್ಡ ಕಂಪನಿಯ ಹೆಸರು ಹೇಳಿ ಜಿಮೇಲ್‌ನಿಂದ ಆಫರ್ ಲೆಟರ್ ಕಳಿಸಿದರೆ ಅದು ನಕಲಿ. ಟೆಲಿಗ್ರಾಂನಲ್ಲಿ "ವಿಡಿಯೋ ಲೈಕ್ ಮಾಡಿ, ದಿನಕ್ಕೆ ಎರಡು ಸಾವಿರ ಗಳಿಸಿ" ಅನ್ನುವುದೂ ಇದೇ ಜಾತಿ. ಮೊದಲು ನೂರಿನ್ನೂರು ನಿಜಕ್ಕೂ ಕೊಡುತ್ತಾರೆ, ಆಮೇಲೆ ನಿಮ್ಮಿಂದ ಹಾಕಿಸಿಕೊಳ್ಳುತ್ತಾರೆ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಬೇಗ ಹೇಳಿದರೆ ಮಾತ್ರ. ನಾಚಿಕೆಯಿಂದ ಎರಡು ದಿನ ಮನೆಯವರಿಗೂ ಹೇಳದೆ ಕೂರುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ.

## ಇಂಟರ್ವ್ಯೂ ಆದ ಮೇಲೆ

"ವಿ ವಿಲ್ ಗೆಟ್ ಬ್ಯಾಕ್ ಟು ಯು" ಅಂದ್ರು. ಎಷ್ಟು ದಿನ ಕಾಯಬೇಕು?

ಇದನ್ನು ಆ ಕೋಣೆಯಿಂದ ಎದ್ದು ಬರುವ ಮೊದಲೇ ಕೇಳಬೇಕು. "ಮುಂದಿನ ಹಂತ ಏನು, ಸುಮಾರು ಯಾವಾಗ ತಿಳಿಸುತ್ತೀರಿ?" ಇಷ್ಟೇ. ಅವರು ಒಂದು ದಿನ ಹೇಳುತ್ತಾರೆ. ಆ ದಿನ ದಾಟಿ ಎರಡು ಕೆಲಸದ ದಿನ ಆದ ಮೇಲೆ ಮೇಲ್ ಮಾಡಿ. ಏನೂ ಹೇಳಿರದಿದ್ದರೆ ಒಂದು ವಾರ ಬಿಟ್ಟು ಕೇಳಿ. ಕಾಯುತ್ತಾ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.

ಮೂರು ರೌಂಡ್ ಚೆನ್ನಾಗೇ ಆಯ್ತು. ಆಮೇಲೆ ಎಚ್‌ಆರ್ ಫೋನೇ ಎತ್ತುತ್ತಿಲ್ಲ. ನಾನೇನು ತಪ್ಪು ಮಾಡಿದೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ನೋವಿನಿಂದ ಬರುವ ಪ್ರಶ್ನೆಯೂ ಹೌದು. ಒಳಗೆ ಕೂತು ನೋಡಿದ್ದರಿಂದ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಹುದ್ದೆ ತೆರೆಯುವಾಗ ಮ್ಯಾನೇಜರ್ ಬೇಡಿಕೆ ಕೊಡುತ್ತಾರೆ, ಹಣಕಾಸು ವಿಭಾಗ ಒಪ್ಪುತ್ತದೆ, ಆಮೇಲೆ ಎಚ್‌ಆರ್ ಹುಡುಕುತ್ತಾರೆ. ಇಂಟರ್ವ್ಯೂ ನಡೆಯುತ್ತಿರುವಾಗಲೇ ಆ ಬಜೆಟ್‌ಗೆ ತಡೆ ಬೀಳಬಹುದು. ಕ್ಲೈಂಟ್ ಪ್ರಾಜೆಕ್ಟ್ ಮುಂದೂಡಬಹುದು. ಬೇರೆ ಪ್ರಾಜೆಕ್ಟ್ ಮುಗಿಸಿ ಬೆಂಚ್ ಮೇಲೆ ಕೂತಿರುವ ಹಳೆಯ ಉದ್ಯೋಗಿಯನ್ನೇ ಆ ಜಾಗಕ್ಕೆ ಹಾಕಬಹುದು. ಅಥವಾ ನಿಮಗಿಂತ ಮೊದಲು ಒಬ್ಬರಿಗೆ ಆಫರ್ ಕೊಟ್ಟಿರುತ್ತಾರೆ. ಅವರು ಸೇರುತ್ತಾರೋ ಇಲ್ಲವೋ ಗೊತ್ತಾಗುವವರೆಗೆ ನಿಮಗೆ ಹೂಂ ಅನ್ನಲಾರರು, ಇಲ್ಲ ಅಂತಲೂ ಹೇಳಲಾರರು. ನಿಮ್ಮನ್ನು ಎರಡನೆಯವರಾಗಿ ಇಟ್ಟುಕೊಂಡಿರುತ್ತಾರೆ. ಆ ಮೊದಲನೆಯವರ ನೋಟಿಸ್ 90 ದಿನ ಇದ್ದರೆ ನಿಮ್ಮ ಮೌನವೂ ಅಷ್ಟೇ ಉದ್ದ ಎಳೆಯುತ್ತದೆ. ಎರಡು ತಿಂಗಳ ನಂತರ ಇದ್ದಕ್ಕಿದ್ದಂತೆ "ಇನ್ನೂ ಕೆಲಸ ಹುಡುಕುತ್ತಿದ್ದೀರಾ?" ಎಂದು ಫೋನ್ ಬರುವುದು ಹೀಗೆ.

ಇನ್ನೊಂದು ಕಾರಣವೂ ಇದೆ. ರಿಕ್ರೂಟರ್‌ನ ಕೆಲಸವನ್ನು ಅಳೆಯುವುದು ಎಷ್ಟು ಜನ ಸೇರಿದರು ಎಂಬುದರ ಮೇಲೆ. ಇಲ್ಲ ಎಂದು ಎಷ್ಟು ಜನರಿಗೆ ಗೌರವದಿಂದ ತಿಳಿಸಿದರು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಇದರ ಮೇಲೆ, ಇಲ್ಲ ಎಂದು ಹೇಳುವುದು ಅವರಿಗೂ ಮುಜುಗರ. ಹಾಗಾಗಿ ಫೋನ್ ಎತ್ತುವುದನ್ನೇ ಬಿಡುತ್ತಾರೆ.

ಇದು ಸರಿಯಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮೂರು ಸಲ ರಜೆ ಹಾಕಿ ಬಂದ ಮನುಷ್ಯನಿಗೆ ಎರಡು ಸಾಲಿನ ಮೇಲ್ ಕಳಿಸುವಷ್ಟು ಸಮಯ ಯಾವ ಕಂಪನಿಗೂ ಇದೆ. ತಪ್ಪು ಅವರದ್ದು. ಆ ಮೌನದಿಂದ ನಿಮ್ಮ ಯೋಗ್ಯತೆಯ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ, ಯಾಕೆಂದರೆ ಅದರಲ್ಲಿ ಆ ಮಾಹಿತಿಯೇ ಇಲ್ಲ. ಎರಡು ಮೇಲ್, ಒಂದು ಫೋನ್. ಅದಕ್ಕೂ ಉತ್ತರ ಬರದಿದ್ದರೆ ಪಟ್ಟಿಯಿಂದ ತೆಗೆದು ಮುಂದೆ ಹೋಗಿ.

ಫಾಲೋ ಅಪ್ ಮೇಲ್‌ನಲ್ಲಿ ಏನು ಬರೆಯೋದು? ಬೇಡಿಕೊಂಡ ಹಾಗೆ ಆಗಬಾರದು.

ನಾಲ್ಕು ಸಾಲು ಸಾಕು. ವಿಷಯದ ಜಾಗದಲ್ಲಿ ಹುದ್ದೆಯ ಹೆಸರು, ನಿಮ್ಮ ಹೆಸರು, ಇಂಟರ್ವ್ಯೂ ಆದ ತಾರೀಕು. ಒಳಗೆ: ಇಂಥ ದಿನ ಇಂಥವರ ಜೊತೆ ಎರಡನೇ ರೌಂಡ್ ಆಯಿತು. ಈ ವಾರ ತಿಳಿಸುತ್ತೇವೆ ಎಂದಿದ್ದಿರಿ. ಈಗ ಯಾವ ಹಂತದಲ್ಲಿದೆ ತಿಳಿಸಿ. ಬೇರೆ ದಾಖಲೆ ಬೇಕಿದ್ದರೆ ಕಳಿಸುತ್ತೇನೆ. ಮುಗಿಯಿತು.

ಹಳೆಯ ಮೇಲ್‌ಗೇ ರಿಪ್ಲೈ ಮಾಡಿ, ಹೊಸದಾಗಿ ಶುರು ಮಾಡಬೇಡಿ. ಹಿಂದಿನ ಮಾತೆಲ್ಲ ಅವರಿಗೆ ಅಲ್ಲೇ ಕಾಣುತ್ತದೆ. ಮನೆಯ ಕಷ್ಟ, ಸಾಲ, ಅಪ್ಪನ ಆರೋಗ್ಯ ಬರೆಯಬೇಡಿ. ಓದುವವರಿಗೆ ಮರುಕ ಹುಟ್ಟಿದರೂ ನಿರ್ಧಾರ ಅವರ ಕೈಯಲ್ಲಿ ಇರುವುದಿಲ್ಲ. ಬೇರೆ ಕಡೆ ಆಫರ್ ನಿಜಕ್ಕೂ ಇದ್ದರೆ ಅದನ್ನು ತಾರೀಕಿನ ಸಮೇತ ಹೇಳಿ: "ಶುಕ್ರವಾರದೊಳಗೆ ಅವರಿಗೆ ಉತ್ತರ ಕೊಡಬೇಕಿದೆ." ಬೇರೆ ಯಾವುದಕ್ಕಿಂತ ಇದಕ್ಕೆ ಬೇಗ ಉತ್ತರ ಬರುತ್ತದೆ. ಇಲ್ಲದ ಆಫರ್ ಇದೆ ಅಂತ ಮಾತ್ರ ಹೇಳಬೇಡಿ. ಪತ್ರ ತೋರಿಸಿ ಎಂದು ಕೇಳುವುದು ಸಾಮಾನ್ಯ.

ಕನ್ಸಲ್ಟೆನ್ಸಿಯವರು ದಿನಾ ನಾಲ್ಕು ಸಲ ಫೋನ್ ಮಾಡ್ತಿದ್ರು. ಈಗ ಪತ್ತೇನೇ ಇಲ್ಲ. ಯಾಕೆ ಹೀಗೆ?

ನೀವು ಸೇರಿದರೆ ಮಾತ್ರ ಅವರಿಗೆ ದುಡ್ಡು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ದರ ವಾರ್ಷಿಕ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. ಸೇರಿದವರು ಮೊದಲ ಮೂರು ತಿಂಗಳಲ್ಲಿ ಬಿಟ್ಟರೆ ಬೇರೆಯವರನ್ನು ಹುಡುಕಿಕೊಡಬೇಕು ಎಂಬ ಷರತ್ತೂ ಇರುತ್ತದೆ. ಹಾಗಾಗಿ ನೀವು ಪಟ್ಟಿಯಲ್ಲಿ ಇರುವವರೆಗೆ ಅವರಿಗೆ ನೀವು ಬೇಕು, ಪಟ್ಟಿಯಿಂದ ಹೊರಬಿದ್ದ ದಿನ ಫೋನ್ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಒಂದೇ ಕಂಪನಿಯ ಒಂದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಗಳಿಗೆ ಒಪ್ಪಿಗೆ ಕೊಡಬೇಡಿ. ಮೊದಲು ಕಳಿಸಿದವರು ಯಾರು ಎಂಬ ಜಗಳದಲ್ಲಿ ಕಂಪನಿಯವರು ನಿಮ್ಮ ಹೆಸರನ್ನೇ ಬದಿಗಿಡಬಹುದು. ಕಂಪನಿಯ ಹೆಸರು ಹೇಳದೆ ರೆಸ್ಯೂಮೆ ಕೇಳಿದರೆ "ಹೆಸರು ತಿಳಿದ ಮೇಲೆ ಕಳಿಸುತ್ತೇನೆ" ಅನ್ನಿ.

ಯಾಕೆ ರಿಜೆಕ್ಟ್ ಮಾಡಿದ್ರಿ ಅಂತ ಕೇಳಿದ್ರೆ ಹೇಳ್ತಾರಾ?

ಖಾಸಗಿ ಕಂಪನಿ ಹೇಳಲೇಬೇಕೆಂದು ಇಲ್ಲ. ಜಗಳವಾದೀತು ಎಂಬ ಭಯಕ್ಕೆ ಎಚ್‌ಆರ್ ಹೇಳುವುದೂ ಕಡಿಮೆ. ಆದರೆ ಟೆಕ್ನಿಕಲ್ ರೌಂಡ್ ತೆಗೆದುಕೊಂಡವರನ್ನು ಕೇಳಿದರೆ ಕೆಲವೊಮ್ಮೆ ಹೇಳುತ್ತಾರೆ. "ಯಾಕೆ ಬೇಡವಾದೆ" ಎಂದು ಕೇಳುವ ಬದಲು "ನಾನು ಯಾವ ವಿಷಯ ಇನ್ನೂ ಓದಿಕೊಳ್ಳಬೇಕು" ಎಂದು ಕೇಳಿ.

ಸರ್ಕಾರಿ ನೇಮಕಾತಿಯ ಕಥೆ ಬೇರೆ. ಅಲ್ಲಿ ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಅಂಕಗಳ ಬಗ್ಗೆ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಅಂದಹಾಗೆ, ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್ವ್ಯೂ ಇಲ್ಲ. ಅಂಥ ಹುದ್ದೆಗೆ "ಇಂಟರ್ವ್ಯೂನಲ್ಲಿ ನೋಡಿಕೊಳ್ತೀನಿ, ಇಷ್ಟು ಕೊಡಿ" ಅನ್ನುವವರು ಸಿಕ್ಕರೆ ನಂಬಬೇಡಿ.

## ಮುಜುಗರದ ಪ್ರಶ್ನೆಗಳು ಬಂದಾಗ

ಮದುವೆ ಯಾವಾಗ, ಮಕ್ಕಳ ಪ್ಲಾನ್ ಇದೆಯಾ ಅಂತ ಕೇಳಿದ್ರು. ಏನು ಹೇಳಬೇಕಿತ್ತು?

ಹೆಣ್ಣುಮಕ್ಕಳಿಗೆ ಮಾತ್ರ ಬರುವ ಪ್ರಶ್ನೆ ಇದು. ಹುಡುಗರಿಗೆ ಯಾರೂ ಹೀಗೆ ಕೇಳಿದ್ದು ನಾನು ಕಂಡಿಲ್ಲ. ಕಾರಣ ಗುಟ್ಟಿನದ್ದೇನಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಗಿದೆ, ಆ ಖರ್ಚು ಕಂಪನಿಯದ್ದು. ಅದನ್ನು ತಪ್ಪಿಸಿಕೊಳ್ಳಲು ನೋಡುತ್ತಾರೆ. ನೇಮಕಾತಿಯಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, ಈಗಿನ ವೇತನ ಸಂಹಿತೆಯೂ ಹೇಳುತ್ತದೆ.

ಆ ಕ್ಷಣದಲ್ಲಿ ಕಾನೂನು ಹೇಳಿ ವಾದ ಮಾಡುವುದು ಎಲ್ಲರಿಗೂ ಆಗುವುದಿಲ್ಲ. "ಕೆಲಸದ ಸಮಯ, ಪ್ರಯಾಣ ಎಲ್ಲಕ್ಕೂ ನಾನು ಸಿದ್ಧಳಿದ್ದೇನೆ ಸರ್, ಅದರಲ್ಲಿ ಏನಾದರೂ ಕೇಳಬೇಕಿದೆಯಾ?" ಎಂದು ಮಾತನ್ನು ಕೆಲಸಕ್ಕೆ ತಿರುಗಿಸಿ. ಮತ್ತೆ ಅದನ್ನೇ ಕೇಳಿದರೆ "ಇದು ನನ್ನ ವೈಯಕ್ತಿಕ ವಿಷಯ" ಎಂದು ನಿಲ್ಲಿಸಿ. ಸೇರುವ ಮೊದಲೇ ಹೀಗೆ ಕೆದಕುವ ಜಾಗದಲ್ಲಿ ಮುಂದೆ ರಜೆ ಕೇಳುವಾಗ ಹೇಗಿರುತ್ತದೆ ಎಂದು ಯೋಚಿಸಿ. ಯಾರು, ಯಾವಾಗ, ಏನು ಕೇಳಿದರು ಎಂದು ಬರೆದಿಟ್ಟುಕೊಳ್ಳಿ. ದೊಡ್ಡ ಕಂಪನಿಯಾದರೆ ಎಚ್‌ಆರ್ ಮುಖ್ಯಸ್ಥರಿಗೆ ಮೇಲ್ ಹಾಕಿ.

"ನೀವು ಯಾವ ಜನ?" ಅಂತ ಕೇಳಿದ್ರು. ಉತ್ತರ ಕೊಡಲೇಬೇಕಾ?

ಕೊಡಬೇಕಿಲ್ಲ. ಸಣ್ಣ ಊರಿನ ಸಂಸ್ಥೆಗಳಲ್ಲಿ, ಕುಟುಂಬದವರೇ ನಡೆಸುವ ಕಂಪನಿಗಳಲ್ಲಿ ಇದು ಈಗಲೂ ಬರುತ್ತದೆ. ಸರ್‌ನೇಮ್ ಕೇಳುವುದು, "ನಿಮ್ಮ ಕಡೆ ಯಾವ ದೇವರು" ಅನ್ನುವುದು, ಎಲ್ಲ ಒಂದೇ ದಾರಿ. "ನಾನು ತುಮಕೂರು ಕಡೆಯವನು ಸರ್" ಎಂದು ಊರು ಹೇಳಿ ನಿಲ್ಲಿಸಿ. ಮೀಸಲಾತಿ ಇರುವ ಸರ್ಕಾರಿ ಹುದ್ದೆಯಲ್ಲಿ ಜಾತಿ ಪ್ರಮಾಣಪತ್ರ ಅರ್ಜಿಯ ಜೊತೆಗೇ ಹೋಗಿರುತ್ತದೆ, ಅಲ್ಲೂ ಬಾಯಲ್ಲಿ ಕೇಳುವ ಅಗತ್ಯ ಯಾರಿಗೂ ಇಲ್ಲ.

ಕೆಎಎಸ್‌ಗೆ ಓದ್ತಾ ಎರಡು ವರ್ಷ ಗ್ಯಾಪ್ ಆಗಿದೆ. ಯಾವುದೋ ಕಂಪನಿ ಎಕ್ಸ್‌ಪೀರಿಯೆನ್ಸ್ ಲೆಟರ್ ಹಾಕಿಬಿಡಲಾ?

ಬೇಡವೇ ಬೇಡ. ಧಾರವಾಡದಲ್ಲೋ ವಿಜಯನಗರದಲ್ಲೋ ರೂಮು ಮಾಡಿಕೊಂಡು ಓದಿದ್ದೀರಿ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. "ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದೆ, ಪ್ರಿಲಿಮ್ಸ್ ಆಯಿತು, ಮೇನ್ಸ್ ಆಗಲಿಲ್ಲ, ಈಗ ಕೆಲಸ ಮಾಡಬೇಕೆಂದು ನಿರ್ಧರಿಸಿದ್ದೇನೆ." ಇದನ್ನು ತಲೆ ಎತ್ತಿ ಹೇಳಿ. ಅವರ ನಿಜವಾದ ಅನುಮಾನ ಒಂದೇ: ಮುಂದಿನ ನೋಟಿಫಿಕೇಶನ್ ಬಂದಾಗ ಬಿಟ್ಟು ಹೋಗುತ್ತೀರಾ? ಅದಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳಿ.

ನಕಲಿ ಪತ್ರ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಇವೆ. ಆದರೆ ಈಗ ಪಿಎಫ್ (ಭವಿಷ್ಯ ನಿಧಿ) ಖಾತೆಯ ಯುಎಎನ್ ಸಂಖ್ಯೆಯಿಂದಲೇ ನೀವು ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಎಂದು ಕಾಣುತ್ತದೆ. ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು, ಅದೇ ದಿನ ಲ್ಯಾಪ್‌ಟಾಪ್ ಕೊಟ್ಟು ಹೊರಬಂದವರಿದ್ದಾರೆ. ಅವರಿಗೆ ಆ ಆರು ತಿಂಗಳ ಅನುಭವವನ್ನೂ ತೋರಿಸಿಕೊಳ್ಳಲು ಆಗುವುದಿಲ್ಲ.

ಎರಡು ದಿನ ಕೂತು ಮಾಡೋ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಪುಕ್ಕಟೆ ಕೆಲಸ ಮಾಡಿಸ್ಕೊತಿದ್ದಾರಾ?

ಕಾಲ್ಪನಿಕ ಸಮಸ್ಯೆ, ಮೂರ್ನಾಲ್ಕು ಗಂಟೆಯ ಕೆಲಸ ಆದರೆ ಮಾಡಿ. ಅವರದ್ದೇ ಜಾಹೀರಾತು, ಅವರದ್ದೇ ಆ್ಯಪ್‌ನ ವಿನ್ಯಾಸ, ಅವರ ಗ್ರಾಹಕರಿಗೆ ಬೇಕಾದ ಅನುವಾದ ಕೇಳಿದರೆ ಹುಷಾರು. ಮಾದರಿಯಾಗಿ ಒಂದು ಭಾಗ ಮಾತ್ರ ಮಾಡಿಕೊಡುತ್ತೇನೆ ಅನ್ನಿ. ಡಿಸೈನ್, ಕಂಟೆಂಟ್ ಕೆಲಸದವರಿಗೆ ಈ ಮೋಸ ಜಾಸ್ತಿ. ಕೊಡುವ ಮೊದಲು "ಇದನ್ನು ಯಾರು ನೋಡುತ್ತಾರೆ, ಯಾವಾಗ ತಿಳಿಸುತ್ತೀರಿ" ಎಂದು ಕೇಳಿ ಬರಹದಲ್ಲಿ ತರಿಸಿಕೊಳ್ಳಿ.

## ಆಫರ್ ಬಂದಾಗ

12 ಲಕ್ಷ ಸಿಟಿಸಿ ಅಂದ್ರು. ತಿಂಗಳಿಗೆ ಒಂದು ಲಕ್ಷ ಕೈಗೆ ಬರುತ್ತೆ ಅಲ್ವಾ?

ಬರುವುದಿಲ್ಲ. ಸಿಟಿಸಿ ಎಂದರೆ ಕಂಪನಿ ವರ್ಷಕ್ಕೆ ನಿಮಗಾಗಿ ಮಾಡುವ ಒಟ್ಟು ಖರ್ಚು. ಒಂದು ಉದಾಹರಣೆ ಲೆಕ್ಕ ಹಾಕೋಣ. ಬೇಸಿಕ್ (ಮೂಲ ವೇತನ) ಅರ್ಧ, ಅಂದರೆ 6 ಲಕ್ಷ ಎಂದಿಟ್ಟುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ 12 ಶೇಕಡಾ, 72,000. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಉಪದಾನ) ಹೆಸರಿನಲ್ಲಿ ಬೇಸಿಕ್‌ನ 4.81 ಶೇಕಡಾ, 28,860. ಇವೆರಡೂ ಸಿಟಿಸಿಯ ಒಳಗೇ ಇರುತ್ತವೆ. ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ ಭಾಗ) ಸಿಟಿಸಿಯ 10 ಶೇಕಡಾ ಎಂದರೆ 1,20,000, ಅದು ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಉಳಿದದ್ದು 9,79,140. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಇನ್ನೊಂದು 72,000 ಹೋಗುತ್ತದೆ. ವೃತ್ತಿ ತೆರಿಗೆ ಸ್ವಲ್ಪ. ಕೈಗೆ ಬರುವುದು ತಿಂಗಳಿಗೆ ಸುಮಾರು 75 ಸಾವಿರ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 2025-26ರ ನಿಯಮದಂತೆ ಈ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ, ಅಷ್ಟೇ ಸಮಾಧಾನ.

ಕೆಲವು ಕಂಪನಿಗಳು ಪಿಎಫ್ ಅನ್ನು ತಿಂಗಳಿಗೆ 1,800ಕ್ಕೆ ಸೀಮಿತ ಮಾಡುತ್ತವೆ, ಆಗ ಕೈಗೆ ಹೆಚ್ಚು ಬರುತ್ತದೆ, ಉಳಿತಾಯ ಕಡಿಮೆಯಾಗುತ್ತದೆ. ಹಾಗಾಗಿ ಒಪ್ಪುವ ಮೊದಲು "ಸ್ಯಾಲರಿ ಬ್ರೇಕಪ್ ಕಳಿಸಿ" ಎಂದು ಕೇಳಿ. ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಕಳೆದ ವರ್ಷ ವೇರಿಯಬಲ್ ಎಷ್ಟು ಶೇಕಡಾ ಕೊಟ್ಟಿರಿ, ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು, ಇಷ್ಟನ್ನೂ ಕೇಳಿ. ಇದು ದುರಾಸೆಯ ಪ್ರಶ್ನೆ ಅಲ್ಲವೇ ಅಲ್ಲ. ಸಂಬಳ ಕೇಳಲು ನಾಚುವುದು ನಮ್ಮ ಊರುಗಳ ಮಕ್ಕಳಲ್ಲಿ ಬಹಳ, ಅದರ ಲಾಭ ಬೇರೆಯವರಿಗೆ ಹೋಗುತ್ತದೆ.

ಫೋನಲ್ಲಿ "ಸೆಲೆಕ್ಟ್ ಆಗಿದ್ದೀರಿ" ಅಂದ್ರು. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಲಾ?

ಪತ್ರ ಕೈಗೆ ಬರುವವರೆಗೆ ಕೊಡಬೇಡಿ. ಹೊಸ ಎಚ್‌ಆರ್ ಎಷ್ಟೇ ಒತ್ತಾಯ ಮಾಡಲಿ. "ಇವತ್ತೇ ಪೇಪರ್ ಹಾಕಿ, ಲೆಟರ್ ನಾಳೆ ಬರುತ್ತೆ" ಅಂದರೆ "ನಾಳೆ ಲೆಟರ್ ಬಂದ ತಕ್ಷಣ ಹಾಕುತ್ತೇನೆ" ಅನ್ನಿ.

ಬರುವ ಪತ್ರ ಯಾವುದು ಎಂದೂ ನೋಡಿ. ಲೆಟರ್ ಆಫ್ ಇಂಟೆಂಟ್ ಎಂದರೆ ನಿಮ್ಮನ್ನು ತೆಗೆದುಕೊಳ್ಳುವ ಉದ್ದೇಶ ಇದೆ ಎಂದಷ್ಟೇ. ಆಫರ್ ಲೆಟರ್‌ನಲ್ಲಿ ಹುದ್ದೆ, ಸಂಬಳ, ಸೇರುವ ದಿನ, ಕೆಲಸದ ಊರು, ನೋಟಿಸ್ ಪೀರಿಯಡ್ ಇರಬೇಕು. ಬ್ಯಾಕ್‌ಗ್ರೌಂಡ್ ಚೆಕ್ (ನಿಮ್ಮ ಓದು, ಹಿಂದಿನ ಕೆಲಸದ ಪರಿಶೀಲನೆ) ಆದ ಮೇಲೆ ಮಾತ್ರ ಖಾತ್ರಿ ಎಂಬ ಸಾಲು ಇದ್ದರೆ, ಆ ಚೆಕ್ ರಾಜೀನಾಮೆಗೆ ಮೊದಲೇ ಮುಗಿಸಿ ಎಂದು ಕೇಳಿ. ಈಗಿನ ಕಂಪನಿ ಬಿಟ್ಟು ಉಳಿದ ಹಳೆಯ ಕಂಪನಿಗಳನ್ನು ಮೊದಲೇ ವಿಚಾರಿಸಬಹುದು. ಸೇರಿದ ಮೇಲೆ ಬರುವುದು ಅಪಾಯಿಂಟ್‌ಮೆಂಟ್ ಲೆಟರ್, ಅಂದರೆ ನೇಮಕಾತಿ ಪತ್ರ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. "ನಮ್ಮಲ್ಲಿ ಲೆಟರ್ ಎಲ್ಲ ಕೊಡಲ್ಲ" ಅನ್ನುವ ಮಾಲೀಕರಿಗೆ ಇದನ್ನು ಹೇಳಬಹುದು.

ಹಳೇ ಕಂಪನಿ ನೋಟಿಸ್ 90 ದಿನ. ಹೊಸಬರು 30 ದಿನದಲ್ಲಿ ಬನ್ನಿ ಅಂತಾರೆ. ಏನು ಮಾಡೋದು?

ಮೊದಲು ನಿಮ್ಮ ಹಳೆಯ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ. ಹಣ ಕಟ್ಟಿ ನೋಟಿಸ್ ಕಡಿಮೆ ಮಾಡಿಕೊಳ್ಳಲು ಅವಕಾಶ ಇದೆಯೇ, ಅದು ನಿಮ್ಮ ಆಯ್ಕೆಯೋ ಕಂಪನಿಯ ಮರ್ಜಿಯೋ ಎಂದು ಅಲ್ಲಿ ಬರೆದಿರುತ್ತದೆ. ಇದ್ದರೆ, ಹೊಸ ಕಂಪನಿಯವರು ಆ ಹಣ ಕೊಡುತ್ತಾರಾ ಕೇಳಿ. ಅವಸರ ಇರುವವರು ಕೊಡುತ್ತಾರೆ. ಉಳಿದ ರಜೆಯನ್ನು ನೋಟಿಸ್‌ಗೆ ಹೊಂದಿಸಲು ಕೇಳಬಹುದು. ಮ್ಯಾನೇಜರ್ ಜೊತೆ ಹ್ಯಾಂಡೋವರ್ (ಕೆಲಸ ಬೇರೆಯವರಿಗೆ ಒಪ್ಪಿಸುವ) ಯೋಜನೆ ಕೈಯಲ್ಲಿ ಹಿಡಿದು ಮಾತಾಡಿದರೆ 90 ಎನ್ನುವುದು 60ಕ್ಕೆ ಇಳಿದದ್ದು ಬಹಳ ಸಲ ನೋಡಿದ್ದೇನೆ. ಹೇಳದೆ ಕೇಳದೆ ಹೋಗಿಬಿಡುವುದು ಮಾತ್ರ ಬೇಡ, ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎನ್ನುವ ರಿಲೀವಿಂಗ್ ಲೆಟರ್ ಸಿಗದೆ ಮುಂದೆ ಪ್ರತಿ ಕಡೆ ಅದೇ ಕಥೆ ಹೇಳಬೇಕಾಗುತ್ತದೆ.

ಕ್ಯಾಂಪಸ್‌ನಲ್ಲಿ ಆಫರ್ ಸಿಕ್ಕಿತ್ತು. ಜಾಯಿನಿಂಗ್ ಡೇಟ್ ಮುಂದೂಡ್ತಾನೇ ಇದ್ದಾರೆ. ಕಾಯಲಾ?

ಕಾಯಿರಿ, ಆದರೆ ಕೈಕಟ್ಟಿ ಕೂರಬೇಡಿ. 2022ರ ಬ್ಯಾಚ್‌ನ ಬಹಳ ಇಂಜಿನಿಯರ್‌ಗಳು ದೊಡ್ಡ ಐಟಿ ಕಂಪನಿಗಳ ಆಫರ್ ಹಿಡಿದು ಎರಡು ವರ್ಷದವರೆಗೂ ಕಾದರು. ಊರಲ್ಲಿ ಸಿಹಿ ಹಂಚಿಯಾಗಿತ್ತು, ಎದುರು ಸಿಕ್ಕವರೆಲ್ಲ "ಯಾವಾಗ ಹೋಗ್ತೀಯ" ಎಂದು ಕೇಳುತ್ತಿದ್ದರು. ಆ ಮಕ್ಕಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು.

ತಿಂಗಳಿಗೊಮ್ಮೆ ಕಂಪನಿಗೆ ಮೇಲ್ ಹಾಕಿ, ಪ್ಲೇಸ್‌ಮೆಂಟ್ ಆಫೀಸರ್‌ಗೂ ಪ್ರತಿ ಕಳಿಸಿ. ಕಾಲೇಜಿನ ಮಾತಿಗೆ ಕಂಪನಿ ಬೆಲೆ ಕೊಡುತ್ತದೆ, ಮುಂದಿನ ವರ್ಷ ಮತ್ತೆ ಅಲ್ಲಿಗೇ ಬರಬೇಕಲ್ಲ. ಜೊತೆಗೆ ಬೇರೆ ಕೆಲಸ ಹುಡುಕಿ. ಆಫರ್ ಲೆಟರ್ ಇದೆ ಎಂಬ ಕಾರಣಕ್ಕೆ ನೀವು ಅವರಿಗೆ ಕಟ್ಟುಬಿದ್ದಿಲ್ಲ. ಪಾಸಾಗಿ 180 ದಿನ ಕಳೆದರೂ ಕೆಲಸ ಇಲ್ಲದ ಕರ್ನಾಟಕದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಗರಿಷ್ಠ ಎರಡು ವರ್ಷ ಸಿಗುತ್ತದೆ. ಬಸ್ ಚಾರ್ಜಿಗಾದರೂ ಆಗುತ್ತದೆ, ಅರ್ಜಿ ಹಾಕಿ.

ಒಂದು ಆಫರ್‌ಗೆ ಹೂಂ ಅಂದ ಮೇಲೆ ಇನ್ನೊಂದು ಒಳ್ಳೆಯದು ಬಂತು. ಸುಮ್ನೆ ಫೋನ್ ಎತ್ತದೆ ಇದ್ರೆ ಆಗಲ್ವಾ?

ಆಗುವುದಿಲ್ಲ. ಕಂಪನಿಗಳು ಹೀಗೆ ಮಾಡಿದಾಗ ನಮಗೆ ಎಷ್ಟು ಉರಿಯುತ್ತದೆ, ಅಲ್ವಾ? ಸೇರುವ ದಿನದವರೆಗೂ ಬರುತ್ತೇನೆ ಎಂದು ಹೇಳಿ ಫೋನ್ ಆಫ್ ಮಾಡುವವರಿಂದಲೇ ಕಂಪನಿಗಳು ಎರಡನೆಯವರನ್ನು ಮೌನದಲ್ಲಿ ಕಾಯಿಸುವುದು. ನಿರ್ಧಾರ ಆದ ದಿನವೇ ಎರಡು ಸಾಲಿನ ಮೇಲ್ ಬರೆಯಿರಿ: ಬೇರೆ ಅವಕಾಶ ಒಪ್ಪಿಕೊಂಡಿದ್ದೇನೆ, ನಿಮ್ಮ ಸಮಯಕ್ಕೆ ಧನ್ಯವಾದ. ನಿಮ್ಮ ಜಾಗಕ್ಕಾಗಿ ಇನ್ನೊಬ್ಬರು ಕಾಯುತ್ತಿರುತ್ತಾರೆ.

## ಬಾಂಡ್, ಕಾಗದ, ವಿದೇಶ

ಎರಡು ವರ್ಷ ಬಾಂಡ್, ಬಿಟ್ರೆ ಎರಡು ಲಕ್ಷ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊತೀವಿ ಅಂತಿದ್ದಾರೆ. ಸಹಿ ಹಾಕಬಹುದಾ?

ಮಾರ್ಕ್ಸ್ ಕಾರ್ಡ್ ವಿಷಯ ಮೊದಲು. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ಮನೆಗೆ ತನ್ನಿ. ಅದನ್ನು ಅವರ ಬೀರುವಿನಲ್ಲಿ ಬಿಟ್ಟರೆ ಮುಂದಿನ ಇಂಟರ್ವ್ಯೂಗೂ ಹೋಗಲಾಗದೆ ಸಿಕ್ಕಿಕೊಳ್ಳುತ್ತೀರಿ.

ಬಾಂಡ್ ಬಗ್ಗೆ "ಅದಕ್ಕೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ" ಎಂಬ ಮಾತು ಬಹಳ ಓಡಾಡುತ್ತದೆ. ಅದನ್ನು ನಂಬಿ ಸಹಿ ಹಾಕಬೇಡಿ. ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವೇ ಇದಕ್ಕೆ ಉದಾಹರಣೆ. ಮೂರು ವರ್ಷ ಇರಬೇಕು, ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ಷರತ್ತು ಅಲ್ಲಿತ್ತು. ಹಣ ಕಟ್ಟಿ ಹೊರಬಂದ ಅಧಿಕಾರಿಯೊಬ್ಬರು ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಕೆಲಸದಲ್ಲಿರುವ ಅವಧಿಗೆ ಹಾಕಿದ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿಗೆ (ಉದ್ಯೋಗ ಮಾಡದಂತೆ ತಡೆಯುವ ಕರಾರು ನಡೆಯದು ಎನ್ನುವ ಕಲಮು) ವಿರುದ್ಧವಲ್ಲ, ಬ್ಯಾಂಕಿಗೆ ಮತ್ತೆ ನೇಮಕಾತಿ ಮಾಡಲು ನಿಜಕ್ಕೂ ಖರ್ಚಿದೆ ಎಂದಿತು.

ಅಂದ ಮಾತ್ರಕ್ಕೆ ಎಲ್ಲ ಬಾಂಡೂ ನ್ಯಾಯ ಅಂತಲ್ಲ. ತಿಂಗಳಿಗೆ 15 ಸಾವಿರ ಸಂಬಳ, ಟ್ರೇನಿಂಗ್ ಹೆಸರಿಗೆ ಮಾತ್ರ, ದಂಡ ಎರಡು ಲಕ್ಷ ಎಂದರೆ ಅಷ್ಟು ನಷ್ಟ ಆಗಿದೆಯೇ ಎಂದು ಕೇಳಲು ಅವಕಾಶ ಇದೆ. ಬಿಟ್ಟ ಮೇಲೆ ಇದೇ ಕ್ಷೇತ್ರದ ಬೇರೆ ಕಂಪನಿ ಸೇರಬಾರದು ಎಂಬ ಷರತ್ತಿಗೆ ಆ 27ನೇ ಕಲಮು ಈಗಲೂ ಅಡ್ಡ ಬರುತ್ತದೆ. ಸಹಿ ಮಾಡುವ ಮೊದಲೇ ಚೌಕಾಸಿ ಮಾಡಿ: ವರ್ಷ ಕಳೆದಂತೆ ಮೊತ್ತ ಕಡಿಮೆಯಾಗಲಿ, ಕಂಪನಿಯೇ ತೆಗೆದರೆ ಏನೂ ಕಟ್ಟಬೇಕಿಲ್ಲ ಎಂದು ಬರೆಯಲಿ. ಖಾಲಿ ಚೆಕ್ಕಿಗೆ ಸಹಿ ಕೇಳಿದರೆ ಎದ್ದು ಬನ್ನಿ.

ಹಳೇ ಕಂಪನಿ ರಿಲೀವಿಂಗ್ ಲೆಟರ್ ಕೊಡ್ತಿಲ್ಲ. ಹೊಸ ಕಂಪನಿ ಕೇಳ್ತಿದೆ. ಏನು ತೋರಿಸಲಿ?

ಹೊಸ ಎಚ್‌ಆರ್‌ಗೆ ಇದನ್ನು ಮುಚ್ಚಿಡದೆ ಮೊದಲೇ ಹೇಳಿ. ಬದಲಿಗೆ ತೋರಿಸಬಹುದಾದ್ದು ಬಹಳ ಇದೆ: ರಾಜೀನಾಮೆ ಮೇಲ್ ಮತ್ತು ಅದನ್ನು ಒಪ್ಪಿದ ಉತ್ತರ, ಕೊನೆಯ ಮೂರು ತಿಂಗಳ ಪೇಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ), ಪಿಎಫ್ ಸರ್ವಿಸ್ ಹಿಸ್ಟರಿ. ರಾಜೀನಾಮೆ ಕೊಡುವ ದಿನವೇ ಇವನ್ನೆಲ್ಲ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಕೊನೆಯ ದಿನ ಆಫೀಸ್ ಮೇಲ್ ಬಂದ್ ಆಗುತ್ತದೆ. ಹಳೆಯ ಕಂಪನಿಗೆ ದಿನಾಂಕ ಹಾಕಿ ಲಿಖಿತವಾಗಿ ಕೇಳಿ. ಅದಕ್ಕೂ ಜಗ್ಗದಿದ್ದರೆ ವಕೀಲರಿಂದ ಒಂದು ನೋಟಿಸ್ ಕಳಿಸಿದರೆ ಹೆಚ್ಚಿನ ಕಡೆ ಪತ್ರ ಬರುತ್ತದೆ.

ದುಬೈನಲ್ಲಿ ಕೆಲಸ ಅಂತ ಏಜೆಂಟ್ ವಾಟ್ಸಾಪ್‌ನಲ್ಲೇ ಇಂಟರ್ವ್ಯೂ ಮಾಡಿದ. ಒಂದೂವರೆ ಲಕ್ಷ ಕೇಳ್ತಿದ್ದಾನೆ. ನಂಬಬಹುದಾ?

ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋಗಿ ಬದುಕು ಕಟ್ಟಿಕೊಂಡ ಮನೆಗಳು ಎಷ್ಟೋ. ಹಾಗಾಗಿ ಏಜೆಂಟ್ ಎಂದರೆ ನಮ್ಮವರಿಗೆ ಬೇಗ ನಂಬಿಕೆ ಬರುತ್ತದೆ. ಆದರೆ ನಿಯಮ ಸ್ಪಷ್ಟ ಇದೆ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿರಬೇಕು. ಅವರು ಕೆಲಸಗಾರರಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಒಂದೂವರೆ ಲಕ್ಷ ಕೇಳುತ್ತಿದ್ದಾನೆ ಅಂದರೆ ಅಲ್ಲೇ ಉತ್ತರ ಸಿಕ್ಕಿತು.

ಆ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟನ ನೋಂದಣಿ ಸಂಖ್ಯೆ ಹಾಕಿ ನೋಡಿ, ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೇ ತಿಳಿಯುತ್ತದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸುತ್ತೇವೆ ಎಂದರೆ ಹೋಗಬೇಡಿ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಹೇಳಿ ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆಯ ಶಿಬಿರಗಳಿಗೆ ಸಾಗಿಸಿದ ಭಾರತೀಯರನ್ನು ನಮ್ಮ ಸರ್ಕಾರ ಬಿಡಿಸಿ ತರಬೇಕಾಯಿತು. ಅವರಿಗೂ ಇಂಟರ್ವ್ಯೂ ನಡೆದಿತ್ತು, ಆಫರ್ ಲೆಟರ್ ಬಂದಿತ್ತು. ವೀಸಾ ಯಾವ ಬಗೆಯದ್ದು, ಅದರಲ್ಲಿ ಮಾಲೀಕರ ಹೆಸರು ಏನಿದೆ, ಕರಾರಿನಲ್ಲಿರುವ ಸಂಬಳ ಎಷ್ಟು ಎಂದು ಕಾಗದದಲ್ಲಿ ನೋಡದೆ ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಆ ಕಾಗದಗಳ ಒಂದು ಪ್ರತಿ ಮನೆಯಲ್ಲಿ ಇಟ್ಟು ಹೋಗಿ.